ಓಡಲು ಹೋಗಿ ಬಿದ್ದ ಜಾಗಗಳು

ನಮ್ಮ ಕಡೆ ಕರೆಂಟು ಹೋದಷ್ಟೇ ಸಲೀಸಾಗಿ ನಾನು ಬೀಳುತ್ತೇನೆ. ಕರೆಂಟಿಗಾದರೂ ಹೋಗಲು ಒಂದು ಹೊತ್ತು ಅಂತ ಇರುತ್ತದೆ, ನನಗೆ ಅದೂ ಇಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ನನ್ನ ಮೊಣಕಾಲಿನ ಚರ್ಮ ಹತ್ತದ ಡಾಂಬರು ರಸ್ತೆ ಕಡಿಮೆ.

ಶಾಲೆ ಬಿಟ್ಟು ಓಡಿದ್ದು ನನ್ನ ಮೊದಲನೇ ಓಟ. ಆಮೇಲೆ ಲಾರಿ ಕ್ಲೀನರ್ ಆದೆ, ಐಸ್‌ಕ್ರೀಮ್ ಗಾಡಿ ತಳ್ಳಿದೆ, ಈಗ ಮೆಕ್ಕೆಜೋಳ ಬಿಡಿಸುವ ಮಷಿನ್ನಿನ ಜೊತೆ ತಿರುಗುತ್ತೇನೆ. ಅದು ಯಾವ ಊರಿಗೆ ಹೋದರೆ ಅದೇ ನನ್ನ ಊರು. ಹೆಂಡತಿ ಮಾತ್ರ ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಇದ್ದಾಳೆ. ಇಬ್ಬರಲ್ಲಿ ಒಬ್ಬರಾದರೂ ಒಂದು ಕಡೆ ನಿಲ್ಲಬೇಕಲ್ಲ.

ನಮ್ಮಣ್ಣ ಕೊಟ್ಟೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಹೋದ ವರ್ಷ ಒಂದು ದಿನ ಬೆಳಿಗ್ಗೆ ಎದೆ ಹಿಡಿದುಕೊಂಡ. ಕೇಳಿದವರಿಗೆಲ್ಲ "ಏನಿಲ್ಲ, ಗ್ಯಾಸು" ಅಂದ. ಬಾಜು ಅಂಗಡಿಯವನು ಸೋಡಾ ಕೊಟ್ಟ. ಚಹಾದವನು ಶುಂಠಿ ಜಜ್ಜಿ ಕೊಟ್ಟ. ಹಾದಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ಅಜವಾನ ತರಿಸಿದರು. ಆಸ್ಪತ್ರೆ ಒಂದು ಬಿಟ್ಟು ಎಲ್ಲವೂ ಅವನ ಹತ್ತಿರ ಬಂತು. ಸ್ಟೂಲಿನ ಮೇಲೆ ಕೂತಲ್ಲೇ ಹೋದ. ನಮ್ಮಪ್ಪ ಹೋದದ್ದೂ ಸುಮಾರು ಅದೇ ವಯಸ್ಸಿಗೆ, ಹಾಗೆಯೇ, ಯಾರಿಗೂ ತೊಂದರೆ ಕೊಡದೆ.

ಮಣ್ಣು ಮಾಡಿ ಬಂದ ಮೇಲೆ ಹೆಂಡತಿ ನನ್ನನ್ನು ದಾವಣಗೆರೆಗೆ ಎಳೆದುಕೊಂಡು ಹೋದಳು. ಡಾಕ್ಟರು ರಕ್ತದ ಚೀಟಿ ನೋಡಿ, "ನಿಮ್ದೂ ಅದೇ ದಾರಿ. ಗುಳಿಗೆ ತಗೊಳ್ರಿ, ದಿನಾ ನಡೀರಿ" ಅಂದರು. ನನಗೆ ನಡೆದು ರೂಢಿಯಿಲ್ಲ. ಓಡಿದೆ.

ಹೆಂಡತಿ ಕೇಳಿದಳು: "ನಿಮ್ಮಣ್ಣ ಕುಂತು ಹೋದ. ನೀವು ಓಡಿಕೊಂತ ಹೋಗ್ತೀರೇನು?"

ಬಸ್ಸು ನಿಂತಿತು

ಕೂಡ್ಲಿಗಿಯ ಹೊರಗೆ ಬೆಳಕು ಹರಿಯುವ ಹೊತ್ತು. ಚಡ್ಡಿಯಲ್ಲಿ ಓಡಲು ನಾಚಿಕೆ, ಲುಂಗಿಯಲ್ಲಿ ಓಡಲು ಹೆದರಿಕೆ. ಅದಕ್ಕೇ ಪ್ಯಾಂಟು ಹಾಕಿದ್ದೆ. ಪ್ಯಾಂಟು ಹಾಕಿದವನು ರಸ್ತೆ ಮೇಲೆ ಓಡುತ್ತಿದ್ದರೆ ನಮ್ಮ ಕಡೆ ಅರ್ಥ ಒಂದೇ: ಬಸ್ಸು ತಪ್ಪಿದೆ. ಹಿಂದಿನಿಂದ ಬಂದ ಬಸ್ಸು ಕನಿಕರಪಟ್ಟು ನಿಧಾನವಾಯಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಕೈ ಚಾಚಿದ.

"ಹತ್ರಿ, ಲಗೂನ ಹತ್ರಿ!"

"ಇಲ್ರೀ, ನಾ ಸುಮ್ನ ಓಡಾಕತ್ತೀನಿ."

"ಸುಮ್ನ ಯಾರರ ಓಡ್ತಾರೇನ್ರೀ? ಮನ್ಯಾಗ ಜಗಳಾನ?"

ಕಿಟಕಿಗಳಿಂದ ತಲೆಗಳು ಹೊರಬಂದವು. ಒಬ್ಬ ಮುದುಕಿ, "ಟಿಕೀಟಿಗೆ ರೊಕ್ಕ ಇಲ್ಲೇನೋ ಪಾಪ, ಹತ್ತಿಸ್ಕೊಳ್ಳೋ ತಮ್ಮಾ" ಅಂದಳು. ರೊಕ್ಕ ಐತಿ ಅಂತ ಅವಳ ಕಡೆ ತಿರುಗಿ ಹೇಳುತ್ತಾ ಓಡಿದವನಿಗೆ ಮುಂದಿದ್ದ ಮೋರಿ ಕಟ್ಟೆ ಕಾಣಲಿಲ್ಲ. ಎಡವಿ ಕೆಳಗಿನ ಚರಂಡಿಗೆ ಹೋದೆ. ಗದ್ದ ಒಡೆದು ಅಂಗಿಯೆಲ್ಲ ರಕ್ತ.

ಓಡುವಾಗ ಯಾರಿಗೂ ಉತ್ತರ ಕೊಡಬಾರದು ಅಂತ ಅವತ್ತು ಕಲಿತೆ. ಕಂಡಕ್ಟರು ಇಳಿದು ಬಂದು ಕೈಹಿಡಿದು ಎಳೆದ. "ಏನಾತ್ರೀ?" ಅಂದ. ನಾನು "ಏನಿಲ್ಲ" ಅಂದೆ. ಅವನು ನನ್ನ ಗದ್ದ ನೋಡಿ, ಬಸ್ಸು ನೋಡಿ, ನಿಟ್ಟುಸಿರು ಬಿಟ್ಟ.

"ಬೀಳಾವ್ರು ಹತ್ತಿ ಬೀಳಬೇಕಿತ್ತು. ಪರಿಹಾರನಾದ್ರೂ ಬರ್ತಿತ್ತು."

ಕಾಳಿನ ಮೇಲೆ

ಮೆಕ್ಕೆಜೋಳದ ಸುಗ್ಗಿಯಲ್ಲಿ ಹರಪನಹಳ್ಳಿ ಕಡೆ ಅರ್ಧ ರಸ್ತೆ ವಾಹನಗಳದ್ದು, ಅರ್ಧ ರಸ್ತೆ ಕಾಳಿನದ್ದು. ಕಾಳು ಹರವಿ ಸುತ್ತ ಕಲ್ಲಿಟ್ಟಿರುತ್ತಾರೆ. ಲಾರಿಯವರೂ ಆ ಕಲ್ಲಿಗೆ ಮರ್ಯಾದೆ ಕೊಡುತ್ತಾರೆ. ಹಿಂದಿನ ದಿನ ನಮ್ಮ ಮಷಿನ್ನೇ ಬಿಡಿಸಿಕೊಟ್ಟ ಕಾಳು ಅದು. ಎದುರಿಗೆ ಟ್ರ್ಯಾಕ್ಟರು ಬಂತು ಅಂತ ನಾನು ಕಲ್ಲು ದಾಟಿ ಕಾಳಿನ ಮೇಲೆ ಕಾಲಿಟ್ಟೆ. ಇಟ್ಟದ್ದು ನೆನಪಿದೆ. ಆಮೇಲೆ ಆಕಾಶ ಕಂಡಿತು. ತಲೆಯ ಹಿಂದೆ, ಒಂದು ಗೇಣು ಆಚೆ, ಆ ಗಡಿ ಕಲ್ಲು ಇತ್ತು. ಅದರ ಮೇಲೆ ಬಿದ್ದಿದ್ದರೆ ಇದನ್ನು ಬರೆಯುವ ಕೆಲಸ ಯಾರಿಗೂ ಇರುತ್ತಿರಲಿಲ್ಲ.

ಕಾಳಿನ ಒಡತಿ ಓಡಿ ಬಂದಳು. ಮೊದಲು ಕಾಳು ನೋಡಿದಳು, ಆಮೇಲೆ ನನ್ನನ್ನು.

"ಜೀವ ಐತೇನಣ್ಣಾ?"

"ಐತವ್ವಾ."

"ಮತ್ತೆ ಈ ಕಡೆ ಹೊಳ್ಳು. ಮೊಣಕೈಯಾಗಿನ ರಕ್ತ ಕಾಳಿಗೆ ಹತ್ತತೈತೆ."

ಹೊಳ್ಳಿದೆ. ಅವಳು ಸೆರಗಿನ ತುದಿ ಹರಿದು ಮೊಣಕೈಗೆ ಕಟ್ಟಿದಳು, ನೀರು ಕುಡಿಸಿದಳು, ತಲೆ ಸುತ್ತುತ್ತಿದೆಯೇ ಅಂತ ಕೇಳಿದಳು. ಸುತ್ತುತ್ತಿತ್ತು. "ಏನಿಲ್ಲ" ಅಂದೆ. ನಾನು ಬಿದ್ದು ಮಾಡಿದ ಹಳ್ಳವನ್ನು ಕಾಲಿನಿಂದ ಸಮ ಮಾಡುತ್ತಾ ಅವಳು ಯೋಚಿಸಿದಳು.

"ಇನ್ನೊಂದ್ಸಲ ಬೀಳಂಗಿದ್ರೆ ಹುರುಳಿ ಒಕ್ಕಾಕೆ ರಸ್ತೆಗೆ ಹಾಕಿದಾಗ ಬಾರಣ್ಣಾ. ಅದನ್ನ ತುಳಿಯಾಕೆ ಗಾಡಿ ಸಾಲಲ್ಲ."

ಮಲ್ಲಿಗೆ ಟೆಂಪೋ

ಹಡಗಲಿಯಲ್ಲಿ ನಾಯಿಗೆ ಹೆದರಿ ಓಟ ಜೋರು ಮಾಡಿದೆ. ನಿಂತುಬಿಟ್ಟರೆ ನಾಯಿಯೂ ನಿಲ್ಲುತ್ತದೆ ಅಂತ ಕಲಿತದ್ದು ಪಾದ ಹೊರಳಿ ಬಿದ್ದ ಮೇಲೆ. ನಾಯಿ ಮೂಸಿ ನೋಡಿ ಹೊರಟುಹೋಯಿತು. ನನಗೆ ಏಳಲಾಗಲಿಲ್ಲ.

ಮಲ್ಲಿಗೆ ತುಂಬಿಕೊಂಡು ಹೊರಟಿದ್ದ ಟೆಂಪೋ ಡ್ರೈವರು ನೋಡಿ ನಿಲ್ಲಿಸಿ, ಮನೆ ಎಲ್ಲಿ ಅಂತ ಕೇಳಿದ. ಮೊಗ್ಗು ಅರಳುವುದರೊಳಗೆ ಅವನು ಪೇಟೆ ಸೇರಬೇಕು. "ಅಣ್ಣಾ, ಆಸ್ಪತ್ರಿ ಅಂತ ತಿರುಗಿದ್ರ ನನ್ನ ಹೂವು ಅರಳಿ ಹೋಗ್ತಾವು. ನಿನ್ನ ಮನಿ ಹಾದಿ ಮ್ಯಾಲೇ ಐತಿ, ಅಲ್ಲೇ ಇಳಿಸ್ತೀನಿ" ಅಂದ. ಹಿಂದೆ ಎರಡು ಸಾಲು ಬುಟ್ಟಿಗಳ ನಡುವೆ ಮಲಗಿಸಿದ. ಬಿಸಿಲು ಬೀಳದಿರಲಿ ಅಂತ ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಹೂವಿಗೂ ನನಗೂ ಸೇರಿಸಿ ಎದೆಯವರೆಗೆ ಹೊದಿಸಿದ. ಗುಂಡಿ ಬಂದಾಗಲೆಲ್ಲ ಮೊಗ್ಗು ಮೈಮೇಲೆ ಸುರಿಯಿತು.

ತಂಬ್ರಹಳ್ಳಿ ಹತ್ತಿರ ಬಂದಾಗ ಗೊತ್ತಾಯಿತು, ರಸ್ತೆ ಬದಿಯವರು ಎದ್ದು ನಿಲ್ಲುತ್ತಿದ್ದಾರೆ. ಕೆಲವರು ಚಪ್ಪಲಿ ಬಿಟ್ಟು ಕೈ ಮುಗಿದರು. ಒಬ್ಬ ಯಜಮಾನ ರುಮಾಲು ತೆಗೆದು ಬಹಳ ಭಕ್ತಿಯಿಂದ ನಿಂತಿದ್ದ. ಪಾಪ ಅಂತ ನಾನೂ ಬಟ್ಟೆಯೊಳಗಿಂದ ಕೈ ತೆಗೆದು ನಮಸ್ಕಾರ ಮಾಡಿದೆ. ಅವನು ನಿಂತಲ್ಲೇ ಕುಸಿದ.

ಇದನ್ನು ಹೇಳಿ ನಗಿಸೋಣ ಅಂತ ಮನೆ ಮುಂದೆ ಇಳಿದೆ. ಹೆಂಡತಿ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಅಣ್ಣನನ್ನೂ ಇಂಥದೇ ಟೆಂಪೋದಲ್ಲಿ ತಂದದ್ದು, ಹೂವು ಹಾಕಿ. ನನಗೆ ಅದು ಹೊಳೆದೇ ಇರಲಿಲ್ಲ.

"ಏನಿಲ್ಲ, ಕಾಲು ಹೊಳ್ಳೈತಿ ಅಷ್ಟ" ಅಂದೆ.

"ಏನಿಲ್ಲ ಅನಬ್ಯಾಡ್ರಿ!" ಅಂತ ಕಿರುಚಿದಳು. ಓಣಿಯೇ ತಿರುಗಿ ನೋಡಿತು. "ಬಿದ್ರ ಬಿದ್ದೀನಿ ಅನ್ರಿ. ನೋವಾದ್ರ ನೋವು ಅನ್ರಿ. ನಿಮ್ಮ ಮನಿ ಗಂಡಸರಿಗೆ ಸಾಯಾಕ ಬರ್ತೈತಿ, ಒದರಾಕ ಬರಂಗಿಲ್ಲ!"

ಬಹಳ ಹೊತ್ತು ಅತ್ತಳು. ಆಮೇಲೆ ಹತ್ತಿರ ಬಂದು ನನ್ನ ತಲೆಗೂದಲಲ್ಲಿ ಸಿಕ್ಕ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿದಳು.

"ಮದುವಿ ಆದಾಗಿಂದ ಇವತ್ತ ನೋಡ್ರಿ ನೀವು ಮನೀಗೆ ಮಲ್ಲಿಗಿ ತಂದದ್ದು."

ಗೆರೆ

ಕಾಲು ವಾಸಿಯಾದ ಮೇಲೆ ಬಂದ ಹುಣ್ಣಿಮೆಗೆ ಕೆಲಸ ಉಚ್ಚಂಗಿದುರ್ಗದ ಹತ್ತಿರದ ಹಳ್ಳಿಯಲ್ಲಿತ್ತು. ಬೆಳಿಗ್ಗೆ ಓಡುತ್ತಾ ಹೊರಟಾಗ ರಸ್ತೆ ತುಂಬ ಗುಡ್ಡದಮ್ಮನ ಗುಡಿಗೆ ನಡೆದು ಹೋಗುವವರು. ಹರಕೆ ಹೊತ್ತ ಕೆಲವರು ದೀಡ್ ನಮಸ್ಕಾರ ಹಾಕುತ್ತಿದ್ದರು. ಅಂದರೆ ರಸ್ತೆ ಮೇಲೆ ಉದ್ದಕ್ಕೆ ಬೋರಲು ಮಲಗುವುದು, ಕೈ ಮುಟ್ಟಿದ ಕಡೆ ಜೊತೆಗಾರರು ಗೆರೆ ಎಳೆಯುವುದು, ಎದ್ದು ಆ ಗೆರೆ ಮೇಲೆ ನಿಂತು ಮತ್ತೆ ಮಲಗುವುದು, ಹೀಗೇ ಗುಡಿವರೆಗೆ. ಅವರ ಮೈ ಸುಡದಿರಲಿ ಅಂತ ಹೆಂಗಸರು ಕೊಡ ಕೊಡ ನೀರು ಸುರಿಯುತ್ತಾರೆ.

ಆ ನೀರಿನ ಮೇಲೆಯೇ ನಾನು ಜಾರಿದೆ. ಬೂಟಿನ ತಳ ಕಿತ್ತು ಬರಿಗಾಲಲ್ಲಿದ್ದೆ, ಸೆಕೆಗೆ ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿದ್ದೆ. ಎರಡೂ ಕೈ ಮುಂದೆ ಚಾಚಿ ಬೋರಲು ಬಿದ್ದೆ. ಬಲಗೈ ಮಣಿಕಟ್ಟಿನಲ್ಲಿ ಲಟಕ್ ಅಂತು. ಕಣ್ಣು ಕತ್ತಲಾಯಿತು.

ಮೊದಲು ತಲೆ ಮೇಲೆ ಒಂದು ಕೊಡ ನೀರು ಬಿತ್ತು. ಆಮೇಲೆ ಬೆನ್ನಿಗೆ ಬೇವಿನ ಸೊಪ್ಪು. "ಉಧೋ ಉಧೋ!" ಅಂತ ಸುತ್ತ ಕೂಗೆದ್ದಿತು. ಯಾರೋ ನನ್ನ ಬೆರಳ ತುದಿಗೆ ಕೋಲಿನಿಂದ ಗೆರೆ ಎಳೆದರು.

"ಎದ್ದೇಳಪ್ಪಾ, ಗೆರೆ ಹಾಕೇವಿ" ಅಂದಳು ಒಬ್ಬ ಅಜ್ಜಿ.

ಅಷ್ಟು ಜನರ ಮುಂದೆ ಇಲ್ಲ ಅನ್ನಲು ನಾಚಿಕೆ. ಎದ್ದೆ. ಗೆರೆವರೆಗೆ ಹೋಗುವಷ್ಟರಲ್ಲಿ ತಲೆ ತಿರುಗಿ ಮತ್ತೆ ಬಿದ್ದೆ. ಮತ್ತೆ ನೀರು, ಮತ್ತೆ ಗೆರೆ. "ಎಂಥಾ ಭಕ್ತಿ ನೋಡ್ರೇ, ಕಣ್ಣೀರು ಹಾಕ್ತಾನೆ" ಅಂದಳು ಅಜ್ಜಿ. ಮೂರನೇ ಸಲ ಬಿದ್ದಾಗ ಎದೆಯೊಳಗೆ ಒಂದು ಕಲ್ಲು ಕೂತಂತಾಯಿತು. ಉಸಿರು ಹಿಡಿಯಿತು, ಬೆವರು ತಣ್ಣಗಾಯಿತು. ಬಂತು ಅಂದುಕೊಂಡೆ. ಅಪ್ಪನಿಗೆ ಬಂದದ್ದು, ಅಣ್ಣನಿಗೆ ಬಂದದ್ದು.

ಅಜ್ಜಿ ಬಗ್ಗಿ ಮುಖ ನೋಡಿದಳು. "ಯಾಕಪ್ಪಾ, ಏನಾತು?"

ಏನಿಲ್ಲ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಲು ಎಷ್ಟು ಕಷ್ಟಪಟ್ಟೆನೋ ನನಗೇ ಗೊತ್ತು. ಬಾಯಿ ತೆರೆದು ಇಡೀ ರಸ್ತೆಗೆ ಕೇಳುವಂತೆ ಒದರಿದೆ:

"ಎದಿ ನೋಯಾಕತ್ತೈತಬೇ! ಕೈ ಮುರಿದೈತಿ! ನಾ ಹರಕಿಯವ ಅಲ್ಲ, ಜಾರಿ ಬಿದ್ದಾವ! ಆಸ್ಪತ್ರಿಗೆ ಒಯ್ರಿ!"

ಕೊಡಗಳು ಕೆಳಗಿಳಿದವು. ನಾಲ್ಕು ಜನ ಎತ್ತಿದರು, ಯಾರೋ ಆಟೋ ತಿರುಗಿಸಿದರು. ಅಜ್ಜಿಯೂ ಹತ್ತಿ ಕೂತು ದಾರಿಯುದ್ದಕ್ಕೂ ನನ್ನ ಎದೆ ತಿಕ್ಕಿದಳು. ಹರಪನಹಳ್ಳಿಯ ಡಾಕ್ಟರು ಎದೆಗೆ ವೈರು ಹಚ್ಚಿ ಇಸಿಜಿ ಪಟ್ಟಿ ತೆಗೆದರು, ಸಂಜೆಯವರೆಗೆ ಮಲಗಿಸಿಕೊಂಡು ಇನ್ನೊಮ್ಮೆ ತೆಗೆದರು. "ಹೃದಯಕ್ಕೇನೂ ಆಗಿಲ್ಲ, ಗಾಬರಿಗೆ ಉಸಿರು ಕಟ್ಟಿದೆ. ಆದರೆ ಹೇಳಿದ್ದು ಒಳ್ಳೇದಾಯ್ತು" ಅಂದು ಮುರಿದ ಕೈಗೆ ಪ್ಲಾಸ್ಟರು ಹಾಕಿದರು.

ಅಷ್ಟರಲ್ಲಿ ಹೆಂಡತಿ ಬಂದಳು. ನಡೆದದ್ದೆಲ್ಲ ಕೇಳಿದಳು. ನಾನು ಒದರಿದೆ ಅಂತ ಅಜ್ಜಿ ಹೇಳಿದಾಗ ಇವಳು ನನ್ನ ಮುಖವನ್ನೇ ನೋಡಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಜ್ಜಿಗೆ ಮಾತ್ರ ಬೇರೆ ಚಿಂತೆ.

"ಅಲ್ಲವ್ವಾ, ಜಾರಿ ಬಿದ್ರೂ ಅಮ್ಮನ ಹಾದಿಯಾಗೆ ಬಿದ್ದಾನೆ. ಮೂರು ಗೆರೆ ಆಗೇವೆ. ನಡುವೆ ಬಿಡಬಾರ್ದು. ಅಳಿಸಿ ಹೋಗದಂಗೆ ನನ್ನ ಮೊಮ್ಮಗಳನ್ನ ಅಲ್ಲೇ ನಿಲ್ಲಿಸಿ ಬಂದೀನಿ. ಕೈ ವಾಸಿ ಆದ್ಮೇಲೆ ಉಳಿದದ್ದು ನಿನ್ನ ಗಂಡ ಮುಗಿಸ್ತಾನೇನು?"

ನಾನು ಇಲ್ಲ ಅನ್ನುವ ಮೊದಲೇ ಹೆಂಡತಿ ಕೈ ಮುಗಿದಳು.

"ಮುಗಿಸ್ತಾರ ಬಿಡಬೇ. ಓಡಾಕ ಹಚ್ಚಿ ನೋಡಿದ್ದಾತು. ಇನ್ನ ಮಕ್ಕೊಂಡೇ ಹೋಗ್ಲಿ, ಬಿದ್ರೂ ಗೊತ್ತಾಗಂಗಿಲ್ಲ."