ಕಾಕಾ ಹಾಕಿದ ರಂಗೋಲಿ

ನಮ್ಮ ಕಾಕಾನ ಜೊತೆ ಬೀದಿಯಲ್ಲಿ ನಡೆಯುವುದಕ್ಕಿಂತ ಹಾಯುವ ಹೋರಿಯ ಹಗ್ಗ ಹಿಡಿದು ನಡೆಯುವುದು ಎಷ್ಟೋ ವಾಸಿ! ಹೋರಿಯಾದರೂ ಹಾಯುವ ಮುಂಚೆ ತಲೆ ಬಗ್ಗಿಸುತ್ತದೆ. ಕಾಕಾ ಮಾತ್ರ ಯಾವ ಸುಳಿವೂ ಕೊಡದೆ ಎದುರಿಗೆ ಬಂದ ಮುದುಕರ ಕೈ ಗಪ್ಪನೆ ಹಿಡಿದುಬಿಡುತ್ತಿದ್ದ. ನಮಸ್ಕಾರವಿಲ್ಲ, ಆರಾಮ ಅದೀರೇನ್ರಿ ಎಂಬ ಮಾತಿಲ್ಲ. "ಕೈ ನಡಗತಾವೇನ್ರಿ? ಯಾವಾಗಿಂದ?" ಅಷ್ಟೇ! ಮದುವೆ ಮನೆಯಲ್ಲೂ ಅದೇ ಪ್ರಶ್ನೆ, ಸತ್ತವರ ಮಣ್ಣಿಗೆ ಹೋದಲ್ಲೂ ಅದೇ ಪ್ರಶ್ನೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಮುಂಬೈಯ ಒಂದು ಸಂಶೋಧನಾಲಯದಲ್ಲಿ ಅವನ ಕೆಲಸ. ಮಿದುಳಿನ ನರಗಳು ಮೆಲ್ಲಗೆ ಸೊರಗಿ, ಕೈ ನಡುಗಿ, ಕಾಲು ಬಿಗಿಯುವ ಕಂಪವಾತವೆಂಬ ರೋಗವಿದೆಯಲ್ಲ, ಅದನ್ನು ಅಳೆಯುವ, ತಡೆಯುವ ಉಪಕರಣ ಮಾಡಬೇಕೆಂಬುದು ಅವನ ಹಟ. ಎಪ್ಪತ್ತರ ದಶಕದಲ್ಲಿ ಬಿಜಾಪುರದ ನಮ್ಮ ಓಣಿಗೆ ಇದನ್ನು ತಿಳಿಸಿ ಹೇಳುವುದು ಹೇಗೆ? ಅಪ್ಪ ಹೆಮ್ಮೆಯಿಂದ "ನಮ್ಮ ತಮ್ಮ ಡಾಕ್ಟರ್ ಅದಾನ" ಎಂದುಬಿಡುತ್ತಿದ್ದ. ಮರುದಿನವೇ ಎದುರುಮನೆಯ ಗಂಗಕ್ಕ ಮೊಣಕಾಲು ನೋವು ಹಿಡಿದುಕೊಂಡು ಹಾಜರು.

"ನಾ ಔಷಧ ಕೊಡೂ ಡಾಕ್ಟರ್ ಅಲ್ರಿ" ಎಂದ ಕಾಕಾ.

"ಹಂಗಾರ ಯಾತರ ಡಾಕ್ಟರ್ರೀ ನೀವು?" ಎಂದಳು ಗಂಗಕ್ಕ.

ಊರಿಗೆ ಬರುವಾಗ ಉಳಿದವರ ಕಾಕಂದಿರು ಮುಂಬೈ ಹಲ್ವಾ ತಂದರೆ ನಮ್ಮ ಕಾಕಾ ಒಂದು ಡ್ರಮ್ಮು ತರುತ್ತಿದ್ದ. ಅದಕ್ಕೆ ಮಸಿ ಹಿಡಿಸಿದ ಕಾಗದ ಸುತ್ತಿ, ಕೀಲಿ ಕೊಟ್ಟು ತಿರುಗಿಸಿ, ನಿಮ್ಮ ಬೆರಳಿಗೊಂದು ಕಡ್ಡಿ ಕಟ್ಟಿದರೆ, ಬೆರಳಿನ ನಡುಕವೆಲ್ಲ ಆ ಮಸಿಯ ಮೇಲೆ ಬಿಳಿ ಗೆರೆಯಾಗಿ ಮೂಡುತ್ತಿತ್ತು. ಕಾಗದಕ್ಕೆ ಮಸಿ ಹಿಡಿಸುವ ಪವಿತ್ರ ಕಾರ್ಯ ನಡೆಯುತ್ತಿದ್ದುದು ನಮ್ಮ ಅಡುಗೆಮನೆಯಲ್ಲಿ! ಕಾಕಾನ ರಜೆ ಮುಗಿಯುವಷ್ಟರಲ್ಲಿ ನಮ್ಮವ್ವನ ಗೋಡೆಗಳೂ ಸಂಶೋಧನೆಗೆ ಸಿದ್ಧವಾಗಿರುತ್ತಿದ್ದವು.

ಒಮ್ಮೆ ಟಿಕೋಟಾ ಸಂತೆಯಲ್ಲಿ ಡ್ರಮ್ಮು ಇಟ್ಟುಕೊಂಡು ಕುಳಿತ. ಜನ ಮುತ್ತಿದರು. ಬಿಜ್ಜರಗಿಯ ಕುರಿ ಕಾಯುವ ಅಜ್ಜನೊಬ್ಬ ತನ್ನ ಗೆರೆಯನ್ನು ಬಗ್ಗಿ ನೋಡಿ, "ಏನ್ ಬಂದೈತ್ರಿ ಇದರಾಗ? ಈ ವರ್ಷ ಮಳಿ ಐತೇನ್ರಿ?" ಎಂದ. ಕಾಕಾ ಅಷ್ಟಕ್ಕೇ ಬಿಟ್ಟನೇ? "ಯಜ್ಜಾ, ನನಗೊಂದು ಕುರಿ ಮಿದುಳು ಬೇಕಾಗೈತಿ" ಎಂದು ಗಂಟುಬಿದ್ದ.

"ಯಪ್ಪಾ, ಕುರಿಗೆ ಮಿದುಳು ಇದ್ದಿದ್ರ ಇಷ್ಟು ವರ್ಷ ನನ್ನ ಹಿಂದ ಬರ್ತಿದ್ದೂವೇನು?"

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಬಬಲೇಶ್ವರದಲ್ಲಿ ಒಂದು ಮನೆಯವರು ಧೈರ್ಯ ಮಾಡಿದರು. ಹುಡುಗಿ ಚಹಾ ತಂದಳು. ಚಹಾದ ಕಪ್ಪು-ಬಸಿಗಳು ಸಣ್ಣಗೆ ಕಿಣಿಕಿಣಿ ಎಂದವು. ಕಾಕಾ ಅವಳ ಬೆರಳುಗಳನ್ನೇ ಕಣ್ಣಿಟ್ಟು ನೋಡಿ, "ಚಿಂತಿಲ್ರಿ! ಇದು ಅಂಜಿಕಿ ನಡುಕ, ರೋಗದ್ದಲ್ಲ!" ಎಂದು ಪಡಸಾಲೆಗೆಲ್ಲ ಕೇಳುವಂತೆ ಸಾರಿದ. ಅಪ್ಪ ಕಣ್ಣು ಮುಚ್ಚಿಕೊಂಡ. ಹುಡುಗಿ ಮಾತ್ರ ಮೆಲ್ಲಗೆ, "ಕೈ ನೋಡೂದು ಮುಗದಿದ್ರ ಒಮ್ಮೆ ಮಾರಿನೂ ನೋಡ್ರಿ, ಚಾ ಆರಾಕತ್ತೈತಿ" ಎಂದಳು. ಕಾಕಾ ತಲೆಯೆತ್ತಿದ. ಮರುಗಳಿಗೆ ಅವನ ಕೈಯ ಬಸಿಯೇ ಗಡಗಡ! ಅವಳೇ ಮುಂದೆ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಆದಳು.

ಈ ಹುಚ್ಚಿಗೆಲ್ಲ ಕಾರಣ ನಮ್ಮ ಮನೆಯೊಳಗೇ ಇತ್ತು. ನಮ್ಮ ಅಜ್ಜಿಗೆ, ಅಂದರೆ ಕಾಕಾನ ತಾಯಿಗೆ, ನಾವು ಆಯಿ ಎನ್ನುತ್ತಿದ್ದೆವು. ಆಯಿಗೆ ಅದೇ ಕಂಪವಾತ. ಕೈ ನಡುಗುವುದನ್ನು ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆದರೆ ನಡೆದು ಬಂದವಳು ಹೊಸ್ತಿಲ ಹತ್ತಿರ ಗಕ್ಕನೆ ನಿಂತುಬಿಡುತ್ತಿದ್ದಳು. ಮುಂದೂ ಇಲ್ಲ, ಹಿಂದೂ ಇಲ್ಲ, ಕಾಲು ನೆಲಕ್ಕೆ ಅಂಟಿದಂತೆ. ಹೊರಗಿನ ಕಟ್ಟೆಯ ಮೇಲೆ ಕುಳಿತು ಗಂಗಕ್ಕನ ಜೊತೆ ಜಗಳಾಡುವುದು ಆಯಿಯ ಬದುಕಿನ ದೊಡ್ಡ ಸುಖ. ಅದಕ್ಕೇ ಕಲ್ಲು ಬಿದ್ದಿತ್ತು. ಎತ್ತಿ ದಾಟಿಸಲು ಹೋದರೆ ಕಣ್ಣಲ್ಲಿ ನೀರು ತಂದುಕೊಂಡು ಬೈಯುತ್ತಿದ್ದಳು: "ಹೆಣಾ ಹೊತ್ತಂಗ ಹೊರಬ್ಯಾಡ್ರೋ ನನ್ನ! ನಾ ನಡಕೊಂತ ಹೋಗಾಕಿ."

ಕಾಕಾನ ಡ್ರಮ್ಮು ಆಯಿ ಎಷ್ಟು ನಡುಗುತ್ತಾಳೆಂದು ಹೇಳಿತು. ಹೊಸ್ತಿಲು ದಾಟುವುದು ಹೇಗೆಂದು ಹೇಳಲಿಲ್ಲ. ಅದೊಂದು ರಜೆಯಲ್ಲಿ ಅವನು ಊಟದ ತಾಟು ಬಿಟ್ಟೆದ್ದು ಹೋಗಿ ಹೊಸ್ತಿಲನ್ನೇ ಅಳೆಯುತ್ತಿದ್ದ.

ದೀಪಾವಳಿ ಬಂತು. ಹೊಸ ಸೊಸೆಯ ಉತ್ಸಾಹ ನೋಡಿ, ಕಾಕು ಅಂಗಳ ತುಂಬಿಸಿದ್ದು ಸಾಲದೆ ಹೊಸ್ತಿಲ ಒಳಗೂ ಹೊರಗೂ ರಂಗೋಲಿಯ ಪಟ್ಟಿ ಎಳೆದಿದ್ದಳು. ಆಯಿ ಎಂದಿನಂತೆ ಬಂದು ನಿಂತಳು. ಕೆಳಗೆ ನೋಡಿದಳು. "ಹಬ್ಬದ ರಂಗೋಲಿ ತುಳೀಬಾರದವ್ವಾ" ಎಂದವಳೇ ಕಾಲೆತ್ತಿ ಪಟ್ಟಿ ದಾಟಿದಳು, ಹೊಸ್ತಿಲು ದಾಟಿದಳು, ಆಚೆಯ ಪಟ್ಟಿಯನ್ನೂ ದಾಟಿದಳು! ನಾವೆಲ್ಲ ಬಾಯಿ ತೆರೆದು ನಿಂತೆವು. ಎದುರಿನಿಂದ ಗಂಗಕ್ಕ, "ಬಂದೇನ ಮುದುಕಿ? ಆ ಜಗಳ ಇನ್ನೂ ಅರ್ಧಾ ಉಳದೈತಿ!" ಎಂದು ಕೂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಬೆಳಗ್ಗೆ ನೋಡಿದರೆ ಕಾಕಾ ಮೊಣಕಾಲೂರಿ ಕುಳಿತು, ಆಯಿಯ ಹಾಸಿಗೆಯಿಂದ ಕಟ್ಟೆಯವರೆಗೆ ಹೆಜ್ಜೆಗೊಂದರಂತೆ ಅಡ್ಡಗೆರೆ ಹಾಕುತ್ತಿದ್ದ. ಗಂಡಸು ರಂಗೋಲಿ ಹಾಕುವುದೇ! ಗಂಗಕ್ಕ ಓಣಿಯನ್ನೆಲ್ಲ ಕರೆದು ತೋರಿಸಿದಳು. "ಮುಂಬೈದಾಗ ಇದನ್ನ ಕಲಸ್ತಾರೇನ್ರಿ? ಏನ್ ಚಂದ ಅದಾವ ಗೆರಿ, ಎಮ್ಮಿ ಎಳದಂಗ!" ಕೆಲಸ ಸುಲಭವಾಗಲೆಂದು ಕಾಕಾ ಒಂದು ದಿನ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಆಯಿ ನಿಂತಳು. "ಸುಣ್ಣಾ ತುಳದ್ರ ಏನಾಕ್ಕೈತೋ? ರಂಗೋಲಿ ಹಾಕು!" ಅಲ್ಲಿಗೆ ಆ ಪ್ರಯೋಗ ಮುಗಿಯಿತು. ಮುಂಬೈಯಲ್ಲಿ ಇವನು ಇದನ್ನು ಹೇಳಿದಾಗ ಸಹೋದ್ಯೋಗಿಗಳು ಮೊದಲು ನಕ್ಕರಂತೆ. ಆಮೇಲೆ ಒಬ್ಬೊಬ್ಬರೇ ಬಂದು, ಗೆರೆಗೂ ಗೆರೆಗೂ ಎಷ್ಟು ಅಂತರವಿರಬೇಕು ಎಂದು ಕೇಳಿದರಂತೆ. ಅವನು ಮುಂಬೈಯಲ್ಲಿರುವಾಗ ಗೆರೆ ಹಾಕುವುದು ನನ್ನ ಪಾಲಿಗೆ ಬಂತು. ಆಯಿ ಪ್ರತಿದಿನ ತಾನೇ ನಡೆದು ಹೋಗಿ, ಮನಸಾರೆ ಜಗಳಾಡಿ, ತಾನೇ ನಡೆದು ಬರುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಆಯಿ ನಿದ್ದೆಯಲ್ಲೇ ಹೋದಳು. ಮುಂಬೈಯಿಂದ ಬಂದಿಳಿದ ಕಾಕಾ ಯಾರ ಕೈಯನ್ನೂ ಹಿಡಿಯಲಿಲ್ಲ. ನೇರ ಅಡುಗೆಮನೆಗೆ ಹೋಗಿ ಡಬ್ಬಿ ತಡಕಾಡತೊಡಗಿದ. ರಂಗೋಲಿ ಖಾಲಿಯಾಗಿತ್ತು.

"ಏ ತಮ್ಮಾ, ಸತ್ತ ಮನ್ಯಾಗ ರಂಗೋಲಿ ಹಾಕಬಾರದೋ" ಎಂದ ಅಪ್ಪ.

"ಅಣ್ಣಾ, ಅವ್ವ ಹೊಸ್ತಿಲದಾಗ ನಿಂತಬಿಡ್ತಾಳ."

ಆಯಿಯ ತಲೆಯ ಹತ್ತಿರ ಕುಳಿತಿದ್ದ ಗಂಗಕ್ಕ ಎದ್ದಳು. ತನ್ನ ಮನೆಗೆ ಹೋಗಿ ರಂಗೋಲಿ ಡಬ್ಬಿ ತಂದು ಕಾಕಾನ ಕೈಗಿಟ್ಟಳು. ಅವನು ಮೊಣಕಾಲೂರಿ ಗೆರೆ ಹಾಕಿದ. ಕೈ ನಡುಗಿ ಒಂದೂ ನೆಟ್ಟಗೆ ಬರಲಿಲ್ಲ. ಆಯಿಯನ್ನು ಹೊತ್ತವರು ಒಂದೊಂದಕ್ಕೂ ಕಾಲೆತ್ತಿ, ಯಾವ ಗೆರೆಯನ್ನೂ ತುಳಿಯದೆ, ಹೊಸ್ತಿಲು ದಾಟಿದರು.