ನೆಲದಲ್ಲಿ ತೂತಿದ್ದ ಗಾಲಿಮನೆ

ಕೆಲವರಿಗೆ ಸಿಗರೇಟಿನ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಕಂಡದ್ದನ್ನೆಲ್ಲ ‘ಇದು ಯಾತಕ್ಕೆ?’ ಎಂದು ಕೇಳುವ ಚಟ. ಧಾರವಾಡದಿಂದ ಬಂದು ವಿಲಾಯತಿಯ ಈ ಕೆಂಟನ್ನಿನಲ್ಲಿ ನೆಲೆಸಿ ಇಷ್ಟು ವರ್ಷವಾದರೂ ಬಿಟ್ಟಿಲ್ಲ. ನಮ್ಮ ಜಿಪಿ ಡಾಕ್ಟರಿಗೆ ಹೇಳಿದರೆ ನಕ್ಕು ಕಳಿಸುತ್ತಾರೆ. ರಜೆಯಲ್ಲಿ ಸುತ್ತಾಡಲು, ಕಾರಿನ ಹಿಂದೆ ಎಳೆದೊಯ್ಯುವ ಹಳೆಯದೊಂದು ಕ್ಯಾರವಾನ್ ಕೊಳ್ಳೋಣವೆಂದು ನಾನೂ ನನ್ನ ಹೆಂಡತಿ ಸುಧಾಳೂ ತೀರ್ಮಾನಿಸಿದ್ದೆವು. ಮಾರಾಟಕ್ಕಿದ್ದ ಒಂದನ್ನು ನೋಡಲು ನಾನೊಬ್ಬನೇ ಇಲ್ಫರ್ಡಿಗೆ ಹೋದದ್ದು ತಪ್ಪಾಯಿತು.

ಅಲ್ಲಿ ಪೀಟರ್ ಎಂಬ ಮುದುಕರ ಅಂಗಳದಲ್ಲಿ ಕ್ಯಾರವಾನಿನ ಪಕ್ಕಕ್ಕೆ ಎರಡು ಗಾಲಿಯ ಪುಟ್ಟ ಮನೆಯೊಂದು ನಿಂತಿತ್ತು. ಒಳಗೆ ಎರಡು ಬೆಂಚು, ಒಂದು ಒಲೆ, ನೆಲದಲ್ಲಿ ನಾಲ್ಕು ದುಂಡನೆಯ ಮುಚ್ಚಳ. ಒಂದನ್ನೆತ್ತಿದೆ, ಕೆಳಗೆ ಹುಲ್ಲು. “ಇದು ಯಾತಕ್ಕೆ?” ಎಂದೆ.

“ಮೀನಿಗೆ,” ಎಂದರು ಪೀಟರ್. ಅವರು ಕೆನಡಾದಲ್ಲಿ ಬಾಳಿ ಬಂದವರು. ಅಲ್ಲಿ ಚಳಿಗಾಲದಲ್ಲಿ ಸರೋವರ ಕಲ್ಲಿನಂತೆ ಹೆಪ್ಪುಗಟ್ಟಿದಾಗ ಇದನ್ನು ನಡುನೀರಿಗೆ ಎಳೆದೊಯ್ದು, ಗಾಲಿಗಳನ್ನು ಮೇಲೆತ್ತಿ, ಮನೆಯನ್ನು ಮಂಜುಗಡ್ಡೆಯ ಮೇಲೆಯೇ ಕೂರಿಸಿ, ತೂತಿನಡಿಯ ಗಡ್ಡೆ ಕೊರೆದು ಗಾಳ ಇಳಿಬಿಡುತ್ತಿದ್ದರಂತೆ, ಗಂಡ ಹೆಂಡತಿ ಇಬ್ಬರೂ.

“ಮೀನು ಸಿಗುತ್ತಿತ್ತೇ?”

“ನನ್ನ ಹೆಂಡತಿ ಮಾತು ನಿಲ್ಲಿಸಿದಾಗ ಮಾತ್ರ. ಹಾಗಾಗಿ ಹೆಚ್ಚೇನೂ ಸಿಗಲಿಲ್ಲ,” ಎಂದವರು ನಾನೆತ್ತಿದ್ದ ಮುಚ್ಚಳವನ್ನು ಮತ್ತೆ ತೂತಿಗೆ ಕೂರಿಸಿದರು. “ಈಗ ಅವಳಿಲ್ಲ. ಮೀನಿನ ಆಸೆಯೂ ಇಲ್ಲ.”

ಆಮೇಲೆ ಇಂಥ ಮನೆಯನ್ನು ಹೇಗೆ ಆರಿಸಬೇಕೆಂದು ಪಾಠ ಶುರುವಾಯಿತು. ಬಣ್ಣಕ್ಕೆ ಮರುಳಾಗಬಾರದು, ನೆಲಕ್ಕೆ ಬೆನ್ನು ಹಚ್ಚಿ ಮಲಗಿ ಕೆಳಗಿನ ಕಬ್ಬಿಣದ ತುಕ್ಕು ನೋಡಬೇಕು. ಗಾಲಿ ಏರಿಸಿ ಇಳಿಸುವ ಕೈರಾಟೆಯನ್ನು ತಾನೇ ತಿರುಗಿಸಿ ನೋಡಬೇಕು. ನಾನು ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಲಗಿದೆ, ತಿರುಗಿಸಿದೆ, ಮನಸೋತೆ. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರುವುದಿಲ್ಲ, ಕೆಂಟನ್ನಿನಲ್ಲಿ ಹೆಪ್ಪುಗಟ್ಟುವುದು ಮೊಸರು ಮಾತ್ರ, ಎಂಬುದೆಲ್ಲ ಅದನ್ನು ಕೊಂಡು ವಾಪಸು ಬರುವಾಗ ರೈಲಿನಲ್ಲಿ ನೆನಪಾಯಿತು.

ಮರುದಿನ ಲಾರಿಯಿಂದ ನಮ್ಮ ಅಂಗಳಕ್ಕಿಳಿದ ಗಾಲಿಮನೆಯನ್ನು ಸುಧಾ ಒಂದು ಸುತ್ತು ಹಾಕಿ ನೋಡಿದಳು. “ಏನ್ರೀ ಇದು? ಕ್ಯಾರವಾನ್ ತರ್ತೀನಂತ ಹೋಗಿ ತೂತು ಬಿದ್ದ ಡಬ್ಬಿ ತಂದೀರಲ್ಲ!”

“ತೂತು ಬಿದ್ದದ್ದಲ್ಲ, ಇಟ್ಟದ್ದು,” ಎಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನು ಕಳ್ಳರ ಚಿಂತೆ. ಗಾಲಿಯಿದ್ದದ್ದನ್ನು ಯಾರಾದರೂ ಎಳೆದೊಯ್ಯಬಹುದಲ್ಲ! ಕಾರಿಗೆ ಜೋಡಿಸುವ ಕೊಂಡಿಗೊಂದು ಬೀಗ ಹಾಕಿದೆ, ಗಾಲಿಗೊಂದು ಕಬ್ಬಿಣದ ಪಟ್ಟಿ ಬಿಗಿದೆ. ಸಾಲದೆಂದು ಮನೆಯನ್ನೇ ನೆಲಕ್ಕಿಳಿಸಿ, ಕೈರಾಟೆಗೂ ಬೀಗ ಜಡಿದು, ಅದರ ಕೀಲಿಯನ್ನು ಯಾವ ಕಳ್ಳನೂ ಊಹಿಸದ ಜಾಗದಲ್ಲಿಟ್ಟೆ. ವಾರದೊಳಗೆ ನಾನೂ ಊಹಿಸಲಾರದವನಾದೆ.

ಆ ವಾರವೇ ಅಡುಗೆಮನೆಯ ಬಚ್ಚಲ ನೀರು ಕಟ್ಟಿಕೊಂಡಿತು. ಮರುದಿನ ಬೆಳಗಾವಿಯಿಂದ ಸುಧಾಳ ಅಕ್ಕ ಭಾವ ಬರುವವರು. ಚರಂಡಿ ರಿಪೇರಿಗೆ ಬಂದ ದಪ್ಪನೆಯ ಹೆಂಗಸು ಕೊಳವೆಯ ಜಾಡು ಹಿಡಿದು ಬಂದು ಗಾಲಿಮನೆಯ ಮುಂದೆ ನಿಂತಳು. “ಚರಂಡಿಯ ಬಾಯಿ ಇದರಡಿ ಇದೆ. ಇದನ್ನು ಸರಿಸಿ,” ಎಂದಳು.

ನಾನು ಜೇಬು ತಡಕತೊಡಗಿದೆ. ಸುಧಾ ನನ್ನ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡಳು. “ಕೀಲಿ ಎಲ್ಲಿಟ್ಟೀರಿ?”

“ಭದ್ರವಾಗಿ ಇಟ್ಟೇನಿ.”

“ಎಲ್ಲಿ?”

“ಅದನ್ನ ಹುಡುಕಬೇಕು.”

ಸುಧಾ ಗಾಲಿಮನೆಯ ಬಾಗಿಲು ತೆರೆದು ಒಂದೊಂದೇ ಮುಚ್ಚಳ ಎತ್ತುತ್ತ ಹೋದಳು. ಮೂರನೆಯದರ ಕೆಳಗೇ ಚರಂಡಿಯ ಸಣ್ಣ ದುಂಡು ಬಾಯಿ! ಆ ಹೆಂಗಸು ಬೆಂಚಿನ ಮೇಲೆ ಕೂತು, ತೂತಿನಿಂದ ಉದ್ದನೆಯ ಕೋಲು ಇಳಿಸಿ, ತಿರುವಿ, ಎಳೆದಳು. ನಾವಿಬ್ಬರೂ ಎದುರಿನ ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆವು. ಮೇಲೆ ಬಂದದ್ದು ಬೊಗಸೆ ತುಂಬ ತೆಂಗಿನ ನಾರು. ಪಾತ್ರೆ ತಿಕ್ಕಲು ಊರಿನಿಂದ ನಾನು ಹಟ ಹಿಡಿದು ತರುವ ನಾರು. ಬಯ್ಗುಳಕ್ಕೆ ಸಿದ್ಧನಾದೆ. ಆದರೆ ಸುಧಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೋಲು ಹಿಡಿದವಳೂ ನಕ್ಕಳು.

ಕೀಲಿ ಆಮೇಲೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸುಧಾಳಿಗೆ ಸಿಕ್ಕಿತು. ಅಂದಿನಿಂದ ಎಲ್ಲ ಕೀಲಿಗಳೂ ಅವಳ ಸುಪರ್ದಿಗೆ ಹೋದವು. ಬೆಳಗಾವಿಯಿಂದ ಬಂದ ಅಕ್ಕನನ್ನು ಕರೆದುಕೊಂಡು ಅವಳು ದಿನವೂ ಮಧ್ಯಾಹ್ನ ಗಾಲಿಮನೆಯಲ್ಲಿ ಚಹಾ ಕುಡಿಯುತ್ತಾಳೆ, ಒಳಗಿನಿಂದ ಚಿಲಕ ಹಾಕಿಕೊಂಡು. ನಿನ್ನೆ ನಾನು ಬಾಗಿಲು ತಟ್ಟಿದೆ.

“ಈಗ ಬರಬ್ಯಾಡ್ರಿ, ನಾವು ಮಾತಾಡ್ಲಿಕತ್ತೇವಿ,” ಎಂದಳು.

ಸರಿ ಎಂದು ತಿರುಗಿದೆ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೇಳಿಸಿತು, ಹಿಂದೆಯೇ ಇಬ್ಬರ ನಗು. ಏನೆಂದಿರಬಹುದು? ಕಿವಿಗೊಟ್ಟು ಅಲ್ಲೇ ನಿಂತೆ. ಪಕ್ಕದ ಮನೆಯವರು ಕಾರಿನಿಂದಿಳಿದು ನನ್ನನ್ನು ನೋಡಿ, “ಕೀಲಿ ಕಳೆದುಕೊಂಡಿರಾ?” ಎಂದು ಕೇಳಿದರು. ಹೌದೆಂದುಬಿಟ್ಟೆ, ನಿಜ ಹೇಳುವುದಕ್ಕಿಂತ ಅದೇ ಮರ್ಯಾದೆಯದೆನಿಸಿತು.