ಬೀಗತಿಯರ ಮೊಣಕಾಲು ಮತ್ತು ಮಾವನವರ ಜೀಪು

ನೆನಪು ಎನ್ನುವುದನ್ನು ನಾನು ಅಷ್ಟಾಗಿ ನಂಬುವವನಲ್ಲ. ಇದಕ್ಕೆ ಎರಡು ಕಾರಣ. ಒಂದು, ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಮರಾಠಿ ಗಡಿಯ ಊರಾದ ಉಮರ್ಗಾದ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತಿದ್ದೇನೆ. ಒಬ್ಬರು ಹೇಳಿದ್ದು ಬರೀ ಮಾತು, ಒಬ್ಬರಿಗೊಬ್ಬರು ಆಗದ ಇಬ್ಬರು ಹೇಳಿದ್ದು ತಾಳೆಯಾದರೆ ಮಾತ್ರ ಅದು ಘಟನೆ ಎಂದು ಪ್ರತಿ ವರ್ಷ ಹೊಸದಾಗಿ ಬಂದವರಿಗೆ ಹೇಳುತ್ತೇನೆ. ಎರಡನೆಯದು, ನನ್ನ ತಾಯಿ ಮತ್ತು ನನ್ನ ಹೆಂಡತಿಯ ತಾಯಿ ಒಂದೇ ಮನೆಯಲ್ಲಿದ್ದಾರೆ. ನಾನು ದಿನಚರಿ ಬರೆಯುವುದೂ ಈ ಅಪನಂಬಿಕೆಯಿಂದಲೇ. ಆದರೆ ಬರೆದದ್ದನ್ನು ಮರುದಿನ ಓದಿದಾಗ, ಇದು ನಡೆದದ್ದೋ ಅಥವಾ ಬರೆಯುವಾಗ ಚೆನ್ನಾಗಿ ಕಂಡಿತೆಂದು ನಾನೇ ಸೇರಿಸಿದ್ದೋ ಎಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ಈ ಜೀಪಿನ ವಿಷಯವನ್ನು ಓದುಗರು ಸ್ವಲ್ಪ ಹುಷಾರಾಗಿಯೇ ಓದಬೇಕು. ಜೀಪು ಉದ್ದವಾದದ್ದಂತೂ ನಿಜ. ಬೇಕಾದವರು ಟೇಪು ಹಿಡಿದುಕೊಂಡು ಬಂದು ಅಳೆಯಬಹುದು.

ಅದು ನಿಲಂಗಾದ ನನ್ನ ಮಾವನವರ ಜೀಪು. ಹಳೆಯ ಕಾಲದ್ದು. ಮೊಂಡು ಮೂಗು, ಕ್ಯಾನ್ವಾಸಿನ ಹುಡ್ಡು, ಇಪ್ಪತ್ತು ಮಾರು ದೂರದಿಂದಲೇ ಬರುವ ಸುದ್ದಿ ಮುಟ್ಟಿಸುವ ಎಂಜಿನ್ನು. ಮಳೆಗಾಲದ ಕರಿಮಣ್ಣಿನಲ್ಲಿ ಎತ್ತುಗಳು ಕೈಚೆಲ್ಲಿದ ಜಾಗದಲ್ಲೂ ಅದು ಹೊಲ ದಾಟುತ್ತಿತ್ತಂತೆ. ಮಾವನವರು ತೀರಿಹೋದ ಮೇಲೆ ಜೀಪೂ ಅತ್ತೆಯವರೂ ಒಂದೇ ದಿನ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಸುವರ್ಣಾ ಅವರಿಗೆ ಒಬ್ಬಳೇ ಮಗಳು. ಯಾವುದು ಯಾವುದರ ಜೊತೆ ಬಂತು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ತಾವು ಜೀಪು ತಂದೆವೆಂದು ಅತ್ತೆ ಹೇಳುತ್ತಾರೆ. ಜೀಪು ಬಂದಾಗ ಅದರೊಳಗೆ ಅವರೂ ಇದ್ದರು ಎಂದು ಅವ್ವ ಹೇಳುತ್ತಾಳೆ.

ಈ ಇಬ್ಬರು ಬೀಗತಿಯರಿಗೆ ಒಂದು ವಿಷಯದಲ್ಲಿ ಮಾತ್ರ ಸಾಮ್ಯವಿತ್ತು: ಮೊಣಕಾಲು. ನಾಲ್ಕೂ ಸವೆದಿದ್ದವು. ಉದಗೀರಿನ ಡಾಕ್ಟರೊಬ್ಬರ ಕೈಗುಣ ಇಬ್ಬರಿಗೂ ಹಿಡಿಸಿದ್ದರಿಂದ ತಿಂಗಳಿಗೊಮ್ಮೆ ನಿಲಂಗಾ, ದೇವಣಿ ದಾಟಿ ಅಲ್ಲಿಗೆ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತುವುದು ಆಗದು. ಕಾರು ಬಾಡಿಗೆಗೆ ತಂದರೆ ಅವ್ವ, "ಇದ್ರಾಗ ಕುಂತ್ರ ಬಾಂವ್ಯಾಗ ಇಳಿದಂಗ ಆಗ್ತದ, ಮ್ಯಾಲ ಯಾರ್ ಸೇದಬೇಕು?" ಎಂದಳು. ಜೀಪಿನ ಸೀಟಾದರೆ ಕಟ್ಟೆಯಷ್ಟು ಎತ್ತರ. ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ, ಹೇಗೆ ನಿಂತಿದ್ದಾರೋ ಹಾಗೇ ಹಿಂದಕ್ಕೆ ಸರಿದರೆ ಸಾಕು, ಕೂತಂತಾಯಿತು. ಹಾಗಾಗಿ ಜೀಪೇ ಗತಿ.

ಆದರೆ ಜೀಪಿನಲ್ಲಿ ಮುಂದೆ ಡ್ರೈವರಿನ ಪಕ್ಕ ಇರುವುದು ಒಂದೇ ಸೀಟು. ಅದು ಮಾನದ ಸೀಟು. ವರನ ತಾಯಿಗೆ ಸಲ್ಲಬೇಕಾದದ್ದು ಎಂದು ಅವ್ವನ ವಾದ. ಗಾಡಿಯ ಒಡತಿಗೆ ಸಲ್ಲಬೇಕಾದದ್ದು ಎಂದು ಅತ್ತೆಯವರದು. ಒಬ್ಬರು ಕೂತರೆ ಇನ್ನೊಬ್ಬರು ಜೀಪು ಹತ್ತುವುದಿಲ್ಲ. ಇಬ್ಬರು ಹಿರಿಯರು ಹಿಂದಿರುವಾಗ ತಾನು ಮುಂದೆ ಕೂರಲು ಸುವರ್ಣಾಳಿಗೆ ಧೈರ್ಯವಿಲ್ಲ. ಹೀಗಾಗಿ ಮೂವರೂ ಹಿಂದೆ ಹೋಗುತ್ತಿದ್ದರು, ಮುಂದಿನ ಸೀಟಿನಲ್ಲಿ ಇಬ್ಬರ ಮೊಣಕಾಲಿನ ಎಕ್ಸ್‌ರೇಗಳು ಒಂದರ ಮೇಲೊಂದು ಆರಾಮವಾಗಿ ಕೂತು ಉದಗೀರಿಗೆ ಪ್ರಯಾಣ ಮಾಡುತ್ತಿದ್ದವು. ಯಾರ ಎಕ್ಸ್‌ರೇ ಮೇಲಿದೆ ಎಂದು ಇಬ್ಬರೂ ಹತ್ತುವ ಮುಂಚೆ ಒಮ್ಮೆ ಬಗ್ಗಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ, ಅಥವಾ ಕಂಡಿದ್ದೇನೆಂದು ಭಾವಿಸಿದ್ದೇನೆ.

ಹಿಂದಿನ ಏರ್ಪಾಟು ಇನ್ನೂ ಕಷ್ಟದ್ದು. ಅಲ್ಲಿ ಎದುರುಬದುರು ಎರಡು ಉದ್ದ ಬೆಂಚು. ಅತ್ತ ಅವ್ವ, ಇತ್ತ ಅತ್ತೆ, ನಡುವೆ ಮೊಣಕಾಲಿಗೆ ಮೊಣಕಾಲು. ರಸ್ತೆಯ ಒಂದೊಂದು ತಗ್ಗಿಗೂ ಎರಡು ಮನೆತನಗಳು ಢಿಕ್ಕಿ ಹೊಡೆಯುತ್ತಿದ್ದವು.

"ಕಾಲ ಸ್ವಲ್ಪ ಹಿಂದ ತಗೋರಿ, ಬೀಗ್ತಿಯವರ," ಎಂದು ಅವ್ವ.

"ಎಲ್ಲಿ ತಗೋಲಿ, ವಿಹಿಣಬಾಯಿ? ಹಿಂದ ತಗಡಿನ ಪತ್ರಾ ಅದ. ಕೊಯ್ದು ಕೈಯಾಗ ಹಿಡ್ಕೊಂಡು ಕೂಡ್ಲೇನು?" ಎಂದು ಅತ್ತೆ. ಬೀಗತಿಗೆ ಮರಾಠಿಯಲ್ಲಿ ವಿಹಿಣ. ನಿಲಂಗಾದವರಾದ ಅತ್ತೆ ಕನ್ನಡದಲ್ಲಿ ಜಗಳ ಶುರು ಮಾಡಿ, ಬಿಸಿಯೇರಿದಂತೆ ಮರಾಠಿಗೆ ದಾಟುತ್ತಾರೆ.

ಮೊಣಕಾಲಿನಿಂದ ಮಾತು ಸೀದಾ ನಮ್ಮ ಲಗ್ನಕ್ಕೆ ಹೋಗುತ್ತಿತ್ತು. ಲಗ್ನದ ದಿನ ನಿಲಂಗಾದ ಬಸ್ ಸ್ಟ್ಯಾಂಡಿನಿಂದ ಮಂಟಪಕ್ಕೆ ನಮ್ಮನ್ನು ಕರೆದೊಯ್ದದ್ದು ಇದೇ ಜೀಪು. ನಡೆಸಿದವರು ಮಾವನವರು. ಅವ್ವನ ಪ್ರಕಾರ, ಮುಂದಿನ ಸೀಟನ್ನು ಅವಳಿಗೆ ಕೊಡದೆ ಹಿಂದೆ ತಾಮ್ರದ ಹಂಡೆಯ ಪಕ್ಕ ಕೂರಿಸಿದರು. ಅತ್ತೆಯ ಪ್ರಕಾರ, ಅವರು ಆರತಿಯ ತಟ್ಟೆ ಹಿಡಿದು ಮುಂದಿನ ಸೀಟಿನ ಬಳಿ ಎಷ್ಟೋ ಹೊತ್ತು ಕಾದು ನಿಂತರೂ ವಿಹಿಣಬಾಯಿ ತಾವಾಗಿಯೇ ಹಿಂದೆ ಹತ್ತಿದರು. ನನ್ನನ್ನು ಯಾರೂ ಕೇಳಿದ್ದಿಲ್ಲ. ನನ್ನ ನೆನಪಿನ ಪ್ರಕಾರ ನಾನು ಬಾಶಿಂಗವನ್ನು ಬಗಲಲ್ಲಿ ಇರುಕಿಕೊಂಡು, ಹುಡ್ಡಿನ ಸರಳು ಹಿಡಿದು, ಜೀಪಿನ ಹಿಂದೆ ಜೋತುಬಿದ್ದಿದ್ದೆ. ದಾರಿಯುದ್ದಕ್ಕೂ ಧೂಳು ಕುಡಿದಿದ್ದೆ. ಅಂದಿನ ದಿನಚರಿ ಖಾಲಿ ಇದೆ. ಮದುಮಗನಾದವನು ಆ ದಿನ ಪೆನ್ನು ಹುಡುಕುತ್ತ ಕೂರುವುದು ಚೆನ್ನಾಗಿರುವುದಿಲ್ಲ.

ಹೀಗೇ ನಡೆಯುತ್ತಿತ್ತೇನೋ. ಆದರೆ ಒಂದು ಸಲ ದೇವಣಿಯ ಹತ್ತಿರ ನಾನು ರಸ್ತೆಯ ಉಬ್ಬನ್ನು ನೋಡಲಿಲ್ಲ. ಜೀಪು ಹಾರಿತು. ಹಿಂದೆ ಮೊಣಕಾಲಿಗೆ ಮೊಣಕಾಲು ಠಪ್ಪೆಂದು ಬಡಿದ ಸದ್ದು. ಮನೆಗೆ ಬಂದವರೇ ಅತ್ತೆ ಮಂಚದ ಕೆಳಗಿನ ಟ್ರಂಕು ಹೊರಗೆಳೆದು ಸೀರೆಗಳನ್ನು ತುಂಬಿದರು. ನಿಲಂಗಾದ ಬೀಗ ಹಾಕಿದ ಮನೆಯನ್ನು ತೆಗೆದು ಅಲ್ಲೇ ಇರುತ್ತಾರಂತೆ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹೋಗಿರಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಸುವರ್ಣಾ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು: "ಆಯಿ ಒಬ್ಬಾಕಿನೇ ಅಲ್ಲಿರಲಾಕ ನಾ ಬಿಡಂಗಿಲ್ಲ. ಆಕಿ ಹೋದ್ರ ನಾನೂ ಹೋಗ್ತೀನ್ರಿ. ನೀವು ನಿಮ್ಮವ್ವನ ಕೈಯಾಗ ರೊಟ್ಟಿ ಉಣಕೋತ ಇತಿಹಾಸ ಬರೀರಿ."

ಸುವರ್ಣಾ ಕೂಗಾಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಆ ರಾತ್ರಿಯ ನಿದ್ದೆ ಹೋಯಿತು. ಬೆಳಗಾಗುವ ಹೊತ್ತಿಗೆ ನನ್ನ ಮಟ್ಟಿಗೆ ಜಗಳದ ಮೂಲ ಸಿಕ್ಕಿತ್ತು. ಮನಸ್ಸುಗಳ ದೂರವಲ್ಲ, ಮೊಣಕಾಲುಗಳ ಸಾಮೀಪ್ಯ. ಜೀಪನ್ನು ಉದ್ದ ಮಾಡಿಸಿ, ಮುಂದಿನ ಸೀಟಿಗೂ ಹಿಂದಿನ ಬೆಂಚುಗಳಿಗೂ ನಡುವೆ ಮುಂದಕ್ಕೆ ಮುಖ ಮಾಡಿದ ಒಂದು ಅಡ್ಡ ಸೀಟು ಹಾಕಿಸಿದರೆ, ಇಬ್ಬರೂ ಸಮಸಮವಾಗಿ ಕೂರಬಹುದು, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ, ಕಾಲು ಚಾಚಬಹುದು. "ಗಾಡಿ ತಯಾರಾದ ಮ್ಯಾಲ ಅದರಾಗೇ ಹೋಗ್ರಿ ಅತ್ತಿ, ಆರಾಮ ಆಗ್ತದ," ಎಂದೆ. ಅವರು ಒಪ್ಪಿದರು. ಟ್ರಂಕು ಮಾತ್ರ ತುಂಬಿದ್ದು ತುಂಬಿದಂತೆ ಬಾಗಿಲ ಬಳಿ ಉಳಿಯಿತು. ಅತ್ತೆ ದಿನಾ ಅದರ ಮೇಲೆಯೇ ಕೂತು ಚಹಾ ಕುಡಿಯತೊಡಗಿದರು.

ಗಾಡಿಯ ಮೈಯನ್ನು ಹೀಗೆ ಬದಲಾಯಿಸಲು ಸರಕಾರದ ಒಪ್ಪಿಗೆ ಬೇಕು. ಅದಕ್ಕಾಗಿ ಅಲೆದದ್ದನ್ನೆಲ್ಲ ಬರೆದರೆ ಈ ಪ್ರಬಂಧವೂ ಜೀಪಿನಷ್ಟೇ ಉದ್ದವಾದೀತು. ಕೆಲಸ ಒಪ್ಪಿಕೊಂಡದ್ದು ಉದಗೀರಿನಲ್ಲಿ ಗ್ಯಾರೇಜು ಇಟ್ಟುಕೊಂಡ ಮಹಾದೇವ ಮಿಸ್ತ್ರಿ. ಮೂಲತಃ ದನದ ತಳಿಗೆ ಹೆಸರಾದ ದೇವಣಿಯವನು. ಊರಿನ ಗುಣಕ್ಕೆ ತಕ್ಕಂತೆ ಎದುರು ಬಂದ ಗಾಡಿಯನ್ನೆಲ್ಲ ದನದಂತೆ ನೋಡುತ್ತಾನೆ. ಜೀಪಿನ ಸುತ್ತ ಎರಡು ಸುತ್ತು ಬಂದು, ಬಾನೆಟ್ಟಿನ ಮೇಲೆ ತಟ್ಟಿ, ಬಗ್ಗಿ ಹೊಟ್ಟೆಯ ಕೆಳಗೆ ಇಣುಕಿ, "ಛಲೋ ತಳಿ ಅದ ಸರ್. ಇಂಥಾವು ಈಗ ಹುಟ್ಟಂಗಿಲ್ಲ. ಉದ್ದ ಯಾಕ ಮಾಡ್ಲತ್ತೀರಿ, ಮಾಲು ಹೇರಲಾಕ?" ಎಂದ.

"ಮೊಣಕಾಲಿಗೆ," ಎಂದೆ.

"ಯಾರ ಮೊಣಕಾಲು?"

"ನಮ್ಮವ್ವಂದು, ನಮ್ಮತ್ತಿದು."

ಅವನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಬರೇ ಅವ್ವ ಇದ್ರ ಒಂದ್ ಫೂಟಿನ್ಯಾಗ ಮುಗಿಸ್ತಿದ್ದೆ. ಬೀಗ್ತೇರು ಅಂದ್ರ ಎರಡು ಬೇಕು ನೋಡ್ರಿ. ಆದ್ರ ಬೆನ್ನ ಉದ್ದ ಆದ ಎತ್ತು ಲಗೂನ ತಿರುಗಂಗಿಲ್ಲ, ಆಮ್ಯಾಲ ನನ್ನ ಬೈಬ್ಯಾಡ್ರಿ."

ಮುಂದಿನ ವಾರ ಹೋಗಿ ನೋಡಿದರೆ ಜೀಪು ಎರಡು ತುಂಡಾಗಿತ್ತು. ಮುಂಗಾಲಿನ ತುಂಡು ಒಂದು ಕಡೆ, ಹಿಂಗಾಲಿನ ತುಂಡು ಇನ್ನೊಂದು ಕಡೆ, ನಡುವಿನ ಖಾಲಿ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಮಾವನವರ ನೆನಪಾಗಿ ನನಗೆ ಒಂದು ಥರ ಆಯಿತು. ಮಿಸ್ತ್ರಿ ತುಂಬ ಉಮೇದಿನಲ್ಲಿದ್ದ: ಕೆಳಗಿನ ಎರಡು ಉಕ್ಕಿನ ತೊಲೆಗಳಿಗೆ ತುಂಡು ಸೇರಿಸಿ, ಎರಡೂ ಬದಿಗೆ ಪಟ್ಟಿ ಕೂಡಿಸಿ ಬೆಸುಗೆ ಹಾಕಬೇಕು, ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಶಾಫ್ಟನ್ನು, ಬ್ರೇಕಿನ ಪೈಪನ್ನು, ಹೊಗೆ ಕೊಳವೆಯನ್ನು ಎಲ್ಲ ಉದ್ದ ಮಾಡಬೇಕು. ನಾನು ಫೋಟೊ ತೆಗೆದುಕೊಂಡು ಬಂದು ಮನೆಯಲ್ಲಿ ತೋರಿಸಿದೆ. ಗಂಡನ ಜೀಪನ್ನು ಹೀಗೆ ನೋಡಿ ಅತ್ತೆ ಕಣ್ಣೀರು ಹಾಕಿಯಾರೆಂದು ಅಂಜಿದ್ದೆ. ಅವರು ಬಹಳ ಹೊತ್ತು ನೋಡಿ, "ಮುಂದಿನ ಸೀಟು ಯಾವ ತುಂಡಿನ್ಯಾಗ ಹೋಗ್ಯಾದ?" ಎಂದು ಕೇಳಿದರು. ಆಮೇಲೆ ಒಳಗೆ ಅವ್ವನೂ ಅದನ್ನೇ ಕೇಳಿದಳು.

ತಯಾರಾದ ಜೀಪನ್ನು ನಾನೊಬ್ಬನೇ ಉಮರ್ಗಾಕ್ಕೆ ತಂದೆ. ಅದರ ಉದ್ದ ನೋಡಿ ಜನ ಇದನ್ನು ಸೀಟಿಗಿಷ್ಟೆಂದು ಬಾಡಿಗೆ ಪಡೆದು ಓಡಾಡುವ ಸೀಟಿನ ಜೀಪೆಂದೇ ತಿಳಿದರು. ದೇವಣಿಯ ನಾಕಾದಲ್ಲಿ ನಿಧಾನ ಮಾಡಿದಾಗ ಇಬ್ಬರು ಹೆಂಗಸರು ಶೇಂಗಾ ಚೀಲದ ಸಮೇತ ಹತ್ತಿ ಕೂತೇಬಿಟ್ಟರು. ಇಳಿಯಿರಿ ಎನ್ನಲು ಸಂಕೋಚವಾಗಿ ನಿಲಂಗಾದವರೆಗೆ ಬಿಟ್ಟು ಬಂದೆ. ಇಳಿಯುವಾಗ ಒಬ್ಬಾಕೆ, ಗಾಡಿ ಚಲೋ ಅದ, ಡ್ರೈವರ್ ಹೊಸಬ ಕಾಣ್ತಾನ ಎಂದು ಇನ್ನೊಬ್ಬಾಕೆಗೆ ಹೇಳಿದ್ದು ಕಿವಿಗೆ ಬಿತ್ತು.

ಉದಗೀರಿಗೆ ಹೋಗುವ ದಿನ ಬಂತು. ಅವ್ವನೂ ಅತ್ತೆಯೂ ಹೊಸ ಸೀಟಿನಲ್ಲಿ ಅಕ್ಕಪಕ್ಕ ಕೂತರು. ಇಬ್ಬರದೂ ಒಂದೇ ಸಾಲಾದ್ದರಿಂದ ಮುಂದಿನ ಸೀಟಿನ ಮಾನ ತಾನಾಗಿ ಇಳಿದುಹೋಗಿ, ಸುವರ್ಣಾ ಎಕ್ಸ್‌ರೇಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತಳು. ತೀರ ಹಿಂದೆ ಟ್ರಂಕು. ವಾಪಸು ಬರುವಾಗ ನಿಲಂಗಾದಲ್ಲಿ ಅತ್ತೆಯನ್ನು ಇಳಿಸಬೇಕು, ಸುವರ್ಣಾಳೂ ಇಳಿಯುತ್ತಾಳೆ ಎಂದು ಮಾತಾಗಿತ್ತು. ಹೋಗುವಾಗ ಅವ್ವ ಒಂದು ಬದಿಗೆ, ಅತ್ತೆ ಇನ್ನೊಂದು ಬದಿಗೆ ಮುಖ ತಿರುಗಿಸಿ ಕೂತರು. ನನ್ನ ಎರಡು ಫೂಟು ದಂಡವಾಯಿತು ಎಂದುಕೊಂಡೆ.

ಬರುವಾಗ ಹಳ್ಳದ ಇಳಿಜಾರಿನಲ್ಲಿ ಹಿಂದಿನಿಂದ ಅತ್ತೆಯ ದನಿ: "ಜಾವಯಿಬಾಪು, ಗೇರ್ ಬದಲಾಸ್ರಿ. ನಮ್ಮವರು ಇಲ್ಲಿ ಎರಡನೇದು ಹಾಕ್ತಿದ್ರು." ಅಳಿಯನನ್ನು ಅವರು ಕರೆಯುವುದು ಹಾಗೆ.

"ನಾನೂ ಅದೇ ಅನ್ಲತ್ತಿದ್ದೆ," ಎಂದಳು ಅವ್ವ. ಮಿಕ್ಸರಿನ ಗುಂಡಿಯೊಂದನ್ನು ಬಿಟ್ಟು ಯಾವ ಯಂತ್ರವನ್ನೂ ಮುಟ್ಟದವಳು. "ಅಂವಾ ಸಣ್ಣಾಂವ ಇದ್ದಾಗಿಂದ ಹಂಗೇ, ಇಳಿಜಾರ ಕಂಡ್ರ ಓಡ್ತಿದ್ದ."

ಆಗ ನನಗೆ ಹೊಳೆಯಿತು. ಎದುರುಬದುರು ಕೂತಾಗ ಅವರಿಗೆ ಕಾಣುತ್ತಿದ್ದದ್ದು ಪರಸ್ಪರರ ಮುಖ. ಈಗ ಇಬ್ಬರ ಕಣ್ಣೆದುರಿಗೂ ಇರುವುದು ನನ್ನ ಹಿಂದಲೆ.

"ನಡುವ ಕೂದ್ಲ ಹೋಗ್ಯಾವಲ್ಲ," ಎಂದಳು ಅವ್ವ.

"ಲಗ್ನದಾಗ ಎಷ್ಟ ಇದ್ವು ವಿಹಿಣಬಾಯಿ. ಬಾಶಿಂಗ ಕೂಡ್ತಿರಲಿಲ್ಲ."

ಲಗ್ನದ ಮಾತು ಬಂತು. ನಾನು ಸ್ಟಿಯರಿಂಗ್ ಬಿಗಿ ಹಿಡಿದೆ. ಸುವರ್ಣಾ ಎಕ್ಸ್‌ರೇ ಬಿಗಿ ಹಿಡಿದಳು.

"ಅವತ್ತ ಮುಂದಿನ ಸೀಟ ನೀವು ನನಗ ಕೊಡ್ಲಿಲ್ಲ," ಎಂದಳು ಅವ್ವ, ಆದರೆ ಹಳೆಯ ಖಾರವಿರಲಿಲ್ಲ.

"ಕೊಡ್ಲಾಕೇ ನಿಂತಿದ್ದೆ. ನೀವು ಹಿಂದ ಹತ್ತಿದ್ರಿ. ಮತ್ತ ನಾನೂ ಕೂಡ್ಲಿಲ್ಲ. ಆರತಿ ತಾಟ ಹಿಡ್ಕೊಂಡು ಮುಂದ ನಡಕೋತ ಹೋದೆ."

"ನೀವು ಕುಂತಿರಲಿಲ್ಲ?"

"ನಿಮ್ಮಾಣಿ ಇಲ್ಲ."

ಇಷ್ಟು ವರ್ಷ ಯಾರಿಗೆ ಸೀಟು ಸಿಗಲಿಲ್ಲ ಎಂಬುದರ ಮೇಲೆ ಜಗಳವಾಗಿತ್ತು. ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆಯನ್ನು ಇತಿಹಾಸದ ಮಾಸ್ತರನಾದ ನಾನೂ ಕೇಳಿರಲಿಲ್ಲ.

"ಹಂಗಾದ್ರ ಮುಂದ ಯಾರಿದ್ರು?" ಎಂದಳು ಅವ್ವ. ನನ್ನ ಕತ್ತಿನ ಮೇಲೆ ನಾಲ್ಕು ಕಣ್ಣು ನೆಟ್ಟಿದ್ದು ಬೆನ್ನಿಗೇ ಗೊತ್ತಾಯಿತು. "ಮತ್ಯಾರಿದ್ದಾರು. ಇಂವನೇ."

"ಹೌದ್ ನೋಡ್ರಿ. ಬಾಶಿಂಗ ತೊಡಿಮ್ಯಾಲ ಇಟ್ಕೊಂಡು ಕುಂತಿದ್ರು. ಈಗ ನೆನಪಾತು ನನಗ."

"ಹಡದಾಕಿ ಹಂಡ್ಯಾದ ಬಾಜೂಕ, ತಾ ಮುಂದ ಗಾಳಿ ತಗೋತ."

"ಅವ್ವಾ, ನಾ ಹಿಂದ ಜೋತುಬಿದ್ದಿದ್ದೆ," ಎಂದು ತಿರುಗಿದೆ.

"ನೀ ರಸ್ತಾ ನೋಡು," ಎಂದು ಅವ್ವನೂ, "ಪುಢೆ ಬಘಾ, ಮುಂದ ನೋಡ್ರಿ," ಎಂದು ಅತ್ತೆಯೂ ಒಂದೇ ಉಸಿರಿಗೆ ಹೇಳಿದರು. ಸುವರ್ಣಾ ಎಕ್ಸ್‌ರೇ ಮುಖಕ್ಕೆ ಅಡ್ಡ ಹಿಡಿದಿದ್ದಳು. ಅದು ನಗುವಿಗೆ ಅಲುಗುತ್ತಿತ್ತು.

ನಿಲಂಗಾದ ಚೌಕಿನಲ್ಲಿ ಮಿಸ್ತ್ರಿ ಹೇಳಿದಂತೆಯೇ ಆಯಿತು. ಉದ್ದ ಬೆನ್ನಿನ ಜೀಪು ಒಂದೇ ಸಲಕ್ಕೆ ತಿರುಗಲಿಲ್ಲ. ಹಿಂದೆ ಬಿಡು, ಮುಂದೆ ಬಿಡು, ಕಟ್ಟೆಗೆ ತಾಗಿಸಬೇಡ ಎಂದು ಎರಡು ಭಾಷೆಗಳಲ್ಲಿ ಎರಡು ಕಡೆಯಿಂದ ಆಜ್ಞೆಗಳು ಬಂದವು. ಆ ಗದ್ದಲದಲ್ಲಿ ಅತ್ತೆಯ ಮನೆಯ ಗಲ್ಲಿ ಎಡಕ್ಕೆ ಬಂತು, ಹಿಂದೆ ಹೋಯಿತು. ನಾನು ನಿಧಾನ ಮಾಡಿದೆ. ಯಾರೂ ನಿಲ್ಲಿಸು ಎನ್ನಲಿಲ್ಲ. ಊರ ಹೊರಗೆ ಬಂದ ಮೇಲೆ ಅವ್ವ, "ಬೀಗ್ತಿಯವರ, ಕಾಲ ಚಾಚಿ ಕೂಡ್ರಿ, ಜಾಗಾ ಅದ," ಎಂದಳು. ಆ ಸಂಜೆ ಟ್ರಂಕು ಮಂಚದ ಕೆಳಗೆ ವಾಪಸು ಹೋಯಿತು. ಹೊತ್ತವನು ನಾನೇ.

ಈಗ ನನ್ನ ಫಜೀತಿ ಇಷ್ಟೇ. ಒಬ್ಬರಿಗೊಬ್ಬರು ಆಗದ ಇಬ್ಬರು ಸಾಕ್ಷಿಗಳ ಮಾತು ತಾಳೆಯಾಗಿದೆ. ನಾನು ಕಲಿಸುವ ನಿಯಮದ ಪ್ರಕಾರ ಅದು ಘಟನೆ. ಸುವರ್ಣಾಳನ್ನು ಕೇಳಿದರೆ ಅವಳು ಆಗ ಮಂಟಪದಲ್ಲಿ ತಲೆ ತಗ್ಗಿಸಿ ಕೂತಿದ್ದಳು, ಜೀಪು ನೋಡಿಲ್ಲ. ಹೀಗಾಗಿ ದಿನಚರಿಯ ಆ ಖಾಲಿ ಪುಟದಲ್ಲಿ, ಮುಂದೆ ಕೂತಿದ್ದೆ ಎಂದು ಬರೆದುಬಿಟ್ಟೆ. ಬರೆದಾಗಿನಿಂದ ಸ್ವಲ್ಪ ಸ್ವಲ್ಪವಾಗಿ ನೆನಪಾಗುತ್ತಲೂ ಇದೆ: ಬಿಸಿಲಿಗೆ ಕಾದ ಆ ಸೀಟು, ಎದುರಿನ ಗಾಜು, ಪಕ್ಕದಲ್ಲಿ ಗೇರು ಬದಲಿಸುವ ಮಾವನವರ ಕೈ. ಹಿಂದೆ ಜೋತುಬಿದ್ದು ಧೂಳು ಕುಡಿದದ್ದಕ್ಕಿಂತ ಇದೇ ಎಷ್ಟೋ ಆರಾಮ. ಗಾಳಿ ಕೂಡ ಚೆನ್ನಾಗಿ ಬರುತ್ತಿತ್ತು.